ಕೈ ತೊಳೆದು ಮುಟ್ಟುವ ಸಾಮಾನು

ಚಿಕ್ಕಪ್ಪನ ಉಗುರು ಸಂದಿಗಳು ಯಾವಾಗಲೂ ಕಪ್ಪಾಗಿರುತ್ತಿದ್ದವು. ಮರದ ಹೊಟ್ಟು, ಸೀಮೆಎಣ್ಣೆ, ಶೀಗೆಪುಡಿ, ಕೊನೆಗೆ ಹಿಂಡಿದ ನಿಂಬೆಹೋಳು, ಹೀಗೆ ದಿನಾ ಸಂಜೆ ಕಾಲು ಗಂಟೆ ಉಜ್ಜುತ್ತಿದ್ದರು. ಆದರೂ ಬೆರಳಿನ ಗೆರೆಗಳಲ್ಲಿ ಇಳಿದಿದ್ದ ಎಂಜಿನ್ ಆಯಿಲಿನ ಕಪ್ಪು ಚರ್ಮದ ಬಣ್ಣವೇ ಆಗಿಹೋಗಿತ್ತು. ಅದನ್ನು ನೋಡಿ ಮೂಗು ಮುರಿಯುತ್ತಿದ್ದ ನೆಂಟರ ಕಾರುಗಳೆಲ್ಲ ರಿಪೇರಿಯಾಗುತ್ತಿದ್ದದ್ದು ಅದೇ ಕೈಯಲ್ಲಿ.

ನಮ್ಮದು ಶ್ರೀರಂಗಪಟ್ಟಣದ ಕೋಟೆಯೊಳಗೆ ಒಂದು ಸಣ್ಣ ಗುಡಿಯ ಪೂಜೆ ನಡೆಸುವ ಮನೆತನ. ತಾತ ಹಾಸಿಗೆ ಹಿಡಿದಾಗ ಆರತಿ ತಟ್ಟೆಯ ಕಾಸಿನಲ್ಲಿ ಮನೆ ನಡೆಯಲಿಲ್ಲ. ದೊಡ್ಡ ಮಗನಾದ ಅಪ್ಪ ಗುಡಿಯಲ್ಲಿ ಉಳಿದರು, ಚಿಕ್ಕಪ್ಪ ಮೈಸೂರಿನ ಒಂದು ಗ್ಯಾರೇಜಿಗೆ ಸೇರಿದರು. ಮುಂದೆ ಬಾಬುರಾಯನಕೊಪ್ಪಲಿನಲ್ಲಿ ಸ್ವಂತ ಶೆಡ್ಡು ಹಾಕಿದರು. ನನ್ನ ಅಣ್ಣ ಪಾಠಶಾಲೆಯಲ್ಲಿ ಕೂತು ಮಂತ್ರ ಕಲಿತದ್ದು ಈ ಶೆಡ್ಡಿನ ದುಡ್ಡಿನಲ್ಲೇ. ಗ್ರೀಸು ಕೈಯವನಿಗೆ ಹೆಣ್ಣು ಕೊಡಲು ನಮ್ಮವರು ಯಾರೂ ಮುಂದೆ ಬರಲಿಲ್ಲ, ಮದುವೆಯಾಗಲಿಲ್ಲ. ಅವರ ಪಾಲಿಗೆ ಉಳಿದಿದ್ದು ಒಂದೇ. ಹನ್ನೊಂದು ತಿಂಗಳ ಪೂಜೆ ಅಪ್ಪನದು, ಅಪ್ಪ ಹೋದ ಮೇಲೆ ಅಣ್ಣನದು. ಕಾರ್ತಿಕ ಮಾಸ ಮಾತ್ರ ಚಿಕ್ಕಪ್ಪನದು. ಆ ತಿಂಗಳು ಶೆಡ್ಡಿಗೆ ಬೀಗ ಹಾಕಿ, ಬೆಳಗಿನ ಜಾವ ಕಾವೇರಿಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲೇ ಗುಡಿಗೆ ಬರುತ್ತಿದ್ದರು.

ಅವರಿಗೆ ಎರಡು ಭಾಷೆ. ಮನೆಯಲ್ಲಿ ನಮ್ಮ ಹಾಗೆ ಮಾತಾಡುವರು, ಶೆಡ್ಡಿನಲ್ಲಿ ಗಿರಾಕಿಗಳ ಹಾಗೆ. ಒಮ್ಮೆ ಕ್ಯಾತನಹಳ್ಳಿಯ ಕಬ್ಬು ಬೆಳೆಯುವವನೊಬ್ಬ ಕಾರಿನ ಎಂಜಿನ್ ಲೈಟು ಹತ್ತಿದೆಯೆಂದು ಗಾಬರಿಯಾಗಿ ಬಂದು, ಹೊಸ ಸೆನ್ಸರು ಹಾಕಿ ಎಂದು ಕೂತಿದ್ದ. ಚಿಕ್ಕಪ್ಪ ಸೈಲೆನ್ಸರ್ ಪೈಪಿನ ಜಾಯಿಂಟಿಗೆ ಸೋಪು ನೀರು ಬಳಿಯುತ್ತಾ ಅವನಿಗೆ ಹೇಳಿದ್ದು ನನಗಿನ್ನೂ ನೆನಪಿದೆ.

"ಲೈಟ್ ಅತ್ಕತು ಅಂತ ಸೆನ್ಸರ್ ಕಿತ್ ಬಿಸಾಕ್ಬುಟ್ರೆ ಆಯ್ತದೇನ್ಲಾ? ಪೈಪಲ್ಲಿ ತೂತಿದ್ರೂ ಅಂಗೇ ಅತ್ಕತದೆ. ಮೊದ್ಲು ತೂತು ಉಡ್ಕವ, ಸುಮ್ಕಿರು."

ಜಾಯಿಂಟಿನಲ್ಲಿ ನೊರೆ ಗುಳ್ಳೆ ಎದ್ದಿತು. ಒಂದು ವಾಷರಿನಲ್ಲಿ ಕೆಲಸ ಮುಗಿಯಿತು.

ನನ್ನ ಸರದಿಯೂ ಬಂತು. ಗಂಡ ತೀರಿಕೊಂಡ ಮೇಲೆ ನಾನು ಅಣ್ಣನ ಮನೆಯ ಹಿಂಭಾಗದಲ್ಲಿದ್ದೆ, ಪಾಂಡವಪುರದ ಕಡೆ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರು. ಹಳೆಯ ಕಾರೊಂದನ್ನು ಕೊಂಡಿದ್ದೆ. ಅದು ಪೆಟ್ರೋಲು ಕುಡಿಯತೊಡಗಿತು, ಹೊಗೆ ಪರೀಕ್ಷೆಯಲ್ಲಿ ಫೇಲಾಯಿತು. ಶೋರೂಮಿನವರು ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರು ಹೋಗಿದೆಯೆಂದು ನನ್ನ ಅರ್ಧ ಸಂಬಳದಷ್ಟು ಹೇಳಿದರು. ಚಿಕ್ಕಪ್ಪ ಮೊದಲು ಪೈಪು ನೋಡಿದರು, ವೈರು ನೋಡಿದರು, ಮೀಟರು ಇಟ್ಟರು. ಎಂಜಿನ್ ಓಡುವಾಗ ಏರಿಳಿಯಬೇಕಾದ ಅಂಕಿ ಕದಲದೆ ನಿಂತಿತ್ತು. ಸೆನ್ಸರು ನಿಜವಾಗಿಯೂ ಸತ್ತಿತ್ತು. ಕಾರಿನ ಕಂಪನಿ ಇದನ್ನೇನು ತಾನೇ ತಯಾರಿಸುವುದಿಲ್ಲ, ಬೇರೆಯವರಿಂದ ಕೊಂಡು ತನ್ನ ಡಬ್ಬಿಗೆ ಹಾಕುತ್ತದೆ, ಆ ಡಬ್ಬಿಗೇ ಮುಕ್ಕಾಲು ಬೆಲೆ ಎಂದರು. ಮಾರನೆಯ ದಿನ ಮೈಸೂರಿನಿಂದ ಅದೇ ತಯಾರಕರ ನಾಲ್ಕು ವೈರಿನ ಸೆನ್ಸರನ್ನು ಡಬ್ಬಿಯ ದೊಡ್ಡಸ್ತಿಕೆ ಇಲ್ಲದೆ ಕಾಲು ಬೆಲೆಗೆ ತಂದರು. ಹಳೆಯದರ ಪ್ಲಗ್ಗು ಕತ್ತರಿಸಿ ಇದರ ವೈರಿಗೆ ಜೋಡಿಸಬೇಕಿತ್ತು. ಬೆಸುಗೆ ಹಾಕಬಾರದಂತೆ, ಸೆನ್ಸರು ವೈರಿನ ಒಳಗಿಂದಲೂ ಗಾಳಿ ಎಳೆದುಕೊಳ್ಳುತ್ತದಂತೆ, ಬೆಸುಗೆ ಆ ದಾರಿ ಮುಚ್ಚುತ್ತದಂತೆ. ತಾಮ್ರದ ಸಣ್ಣ ಕೊಳವೆಗಳಲ್ಲಿ ಒಂದೊಂದೇ ವೈರನ್ನು ಸೇರಿಸಿ ಅದುಮಿದರು.

ಅದಕ್ಕೂ ಮೊದಲು ಒಂದು ಕೆಲಸ ಮಾಡಿದ್ದರು. ನಲ್ಲಿಯ ಹತ್ತಿರ ಹೋಗಿ ಮೂರು ಸಲ ಸೋಪು ಹಾಕಿ ಮೊಣಕೈವರೆಗೆ ತೊಳೆದುಕೊಂಡರು. ಗೂಡಿನಿಂದ ಒಗೆದ ಬಿಳಿ ಪಂಚೆಯ ತುಂಡು ತೆಗೆದು ಒರೆಸಿಕೊಂಡರು. ಆಮೇಲೆ ಸೆನ್ಸರನ್ನು ಕವರಿನಿಂದ ತೆಗೆದು, ತುದಿ ಮುಟ್ಟದೆ ನಡು ಹಿಡಿದರು.

ನಾನು ನಕ್ಕೆ. ಅವರು ನಗಲಿಲ್ಲ. "ಇದು ಮಡಿ ಸಾಮಾನು ಪುಟ್ಟಿ. ಎಣ್ಣೆ ಕೈ ತಾಗಿದ್ರೆ ಕೆಟ್ಟುಹೋಗತ್ತೆ" ಎಂದರು. ಕೈ ಒರೆಸಿದ ಬಟ್ಟೆಯನ್ನು ನನ್ನ ಮುಂದೆ ಬಿಡಿಸಿ ಹಿಡಿದರು. ಅದರಲ್ಲಿ ಒಂದು ಕಲೆಯೂ ಇರಲಿಲ್ಲ. ಪಕ್ಕದಲ್ಲಿ ತಮ್ಮ ಬೆರಳುಗಳನ್ನು ಚಾಚಿದರು. "ನೋಡು, ಕಪ್ಪಿದೆ. ಕೊಳೆ ಇಲ್ಲ."

ಈ ಮಾತನ್ನು ನಾನು ಒಂದೇ ಒಂದು ಕಡೆ ಹೇಳಬೇಕಾಗಿತ್ತು.

ಆ ಕಾರ್ತಿಕದಲ್ಲಿ ಬೆಂಗಳೂರಿನ ಯಾರೋ ಭಕ್ತರು ಗುಡಿಗೆ ಬಂದವರು, ತೀರ್ಥ ಕೊಡುವ ಚಿಕ್ಕಪ್ಪನ ಕೈಯ ಫೋಟೋ ತೆಗೆದು ಅಣ್ಣನ ಮೊಬೈಲಿಗೆ ಕಳಿಸಿದರು. ಬೆಳ್ಳಿ ಉದ್ಧರಣೆ, ಅದರ ಹಿಂದೆ ಕಪ್ಪು ಉಗುರು. ಕಾರ್ತಿಕ ಮುಗಿದ ವಾರ ಅಣ್ಣ ಮನೆಯ ಹಜಾರದಲ್ಲಿ ಎಲ್ಲರನ್ನೂ ಕೂರಿಸಿ ಆ ಫೋಟೋವನ್ನು ಕೈಯಿಂದ ಕೈಗೆ ದಾಟಿಸಿದ. ಭಕ್ತರಿಗೆ ಅಸಹ್ಯವಾದರೆ ಗುಡಿಗೆ ಯಾರು ಬರುತ್ತಾರೆ, ಇನ್ನು ಮುಂದೆ ಕಾರ್ತಿಕವನ್ನೂ ತಾನೇ ನೋಡಿಕೊಳ್ಳುತ್ತೇನೆ ಎಂದ. ತನ್ನನ್ನು ಓದಿಸಿದ ಕೈ ಅದು ಎಂಬುದು ಅವನ ಬಾಯಿಗೆ ಬರಲಿಲ್ಲ. ಚಿಕ್ಕಪ್ಪ ತಲೆಯೆತ್ತಿ ನನ್ನ ಕಡೆ ಒಮ್ಮೆ ನೋಡಿದರು. ಆ ಬಿಳಿ ಬಟ್ಟೆ ನೋಡಿದ್ದವಳು ಅಲ್ಲಿ ನಾನೊಬ್ಬಳೇ. ನನಗೋ ಅಣ್ಣನ ಮನೆಯ ಹಿಂಭಾಗದ ಆ ಎರಡು ಕೋಣೆಗಳ ಚಿಂತೆ. ಎಲ್ಲರಿಗೂ ಕಾಫಿ ತರುತ್ತೇನೆ ಎಂದು ಎದ್ದು ಒಳಗೆ ಹೋದೆ.

ಮಕ್ಕಳಿಗೆ ಸತ್ಯ ಹೇಳಬೇಕೆಂದು ದಿನಾ ಪಾಠ ಹೇಳುವವಳು ನಾನು. ಹಾಲು ಉಕ್ಕುವುದನ್ನು ಕಾಯುತ್ತಾ ಒಲೆಯ ಮುಂದೆ ನಿಂತಿದ್ದೆ. ಲೋಟಗಳ ತಟ್ಟೆ ಹಿಡಿದು ಹೊರಗೆ ಬರುವಷ್ಟರಲ್ಲಿ ತೀರ್ಮಾನವಾಗಿತ್ತು.

ಮುಂದಿನ ಕಾರ್ತಿಕದಲ್ಲಿಯೂ ಚಿಕ್ಕಪ್ಪ ಹೊಳೆಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲಿ ಗುಡಿಗೆ ಬಂದರು. ಬಾಗಿಲ ಹೊರಗೆ ಭಕ್ತರ ಸಾಲಿನಲ್ಲಿ ನಿಂತು ಕೈ ಚಾಚಿದರು. ಅಣ್ಣ ಮುಖ ನೋಡದೆ ತೀರ್ಥ ಹಾಕಿದ. ಕೊಡಲು ಬಾರದ ಕೈ ಪಡೆಯಲು ಬರುತ್ತಿತ್ತು.

ಅದೇ ಚಳಿಗಾಲದಲ್ಲಿ ಅಣ್ಣನ ಕಾರಿನಲ್ಲೂ ಎಂಜಿನ್ ಲೈಟು ಹತ್ತಿತು. ಶೋರೂಮಿನ ಬೆಲೆ ಕೇಳಿ ಬಂದವನು ಚಿಕ್ಕಪ್ಪನ ಹತ್ತಿರ ತಾನು ಹೋಗಲಿಲ್ಲ, ಕೀಲಿಕೈಯನ್ನು ನನ್ನ ಕೈಗಿಟ್ಟ. ನಾನು ನಾಚಿಕೆಯಿಲ್ಲದೆ ತೆಗೆದುಕೊಂಡು ಹೋದೆ. ಚಿಕ್ಕಪ್ಪ ಹಾಗೆಯೇ ಪೈಪು ನೋಡಿದರು, ಮೀಟರು ಇಟ್ಟರು, ಮೂರು ಸಲ ಕೈ ತೊಳೆದರು, ಬಿಳಿ ಬಟ್ಟೆಯಲ್ಲಿ ಒರೆಸಿಕೊಂಡರು. ನನಗೆ ತಡೆಯಲಾಗಲಿಲ್ಲ. ಅವನ ಕಾರಿಗೆ ಯಾಕೆ ಇಷ್ಟು ಮಾಡುತ್ತೀರಿ ಎಂದೆ.

"ಕಾರೇನು ತಪ್ಪು ಮಾಡ್ತು?" ಎಂದರು. ಸ್ಪ್ಯಾನರಿನಲ್ಲಿ ಕೊನೆಯ ತಿರುವು ಕೊಟ್ಟು ಎದ್ದು ನಿಂತರು. ಬಟ್ಟೆ ಮಡಿಸಿ ಗೂಡಿನಲ್ಲಿಡುತ್ತಾ, ನನ್ನ ಕಡೆ ತಿರುಗದೆ, "ಅವತ್ತು ನೀನು ತಂದ ಕಾಫಿ ಚೆನ್ನಾಗಿತ್ತು ಪುಟ್ಟಿ" ಎಂದರು.

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಕಾಲು ಹಿಡಿದು ಅತ್ತು ಹಗುರಾಗುತ್ತಿದ್ದೆ. ಆ ಅವಕಾಶವನ್ನೂ ಅವರು ಕೊಡಲಿಲ್ಲ.

ಎರಡು ವರ್ಷದ ಮೇಲೆ ಶೆಡ್ಡಿನಲ್ಲಿಯೇ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿದ್ದರು. ಮನೆಗೆ ತಂದು ಅಂಗಳದಲ್ಲಿ ಮಲಗಿಸಿ ಸ್ನಾನ ಮಾಡಿಸುವಾಗ ಅಣ್ಣ ಒಂದು ನಿಂಬೆಹಣ್ಣು ತರಿಸಿದ. ನಾಲ್ಕು ಜನ ನೋಡುತ್ತಾರೆ, ಉಗುರಾದರೂ ಉಜ್ಜೋಣ ಎಂದು ಕೈ ಹಿಡಿದುಕೊಂಡ.

ನಾನು ಮುಂದೆ ಹೋಗಿ, "ಬೇಡ ಅಣ್ಣ. ಕಪ್ಪಿದೆ, ಕೊಳೆ ಇಲ್ಲ" ಎಂದೆ.

ಅವನು ನನ್ನ ಮುಖ ನೋಡಿದ. ನಿಂಬೆಹೋಳನ್ನು ಕೆಳಗಿಟ್ಟು ಚಿಕ್ಕಪ್ಪನ ಕೈಯನ್ನು ಎದೆಯ ಮೇಲಿಟ್ಟ. ಆ ಮಾತು ಹೇಳುವುದು ಅಷ್ಟು ಸುಲಭವಿತ್ತು.