ಸುಣ್ಣದ ತೂಕ, ಎರಡು ತಾಟು ಫರಾಳ

ದೀಪಾವಳಿ ಬಂತೆಂದರೆ ಸದಾಶಿವ ಪೇಠದ ನಮ್ಮ ಬಿಲ್ಡಿಂಗಿನಲ್ಲಿ ತಾಟುಗಳಿಗೆ ಬಿಡುವಿಲ್ಲ. ಮನೆಯಲ್ಲಿ ಮಾಡಿದ ತಿಂಡಿಗೆ ಇಲ್ಲಿಯ ಮರಾಠಿ ಜನ ಫರಾಳ ಅನ್ನುತ್ತಾರೆ. ಅದನ್ನು ತಾಟಿನಲ್ಲಿಟ್ಟು, ಬಟ್ಟೆ ಮುಚ್ಚಿ ನೆರೆಯವರಿಗೆ ಕೊಡಬೇಕು. ಅವರದು ನಮ್ಮ ತಾಟಿನಲ್ಲೇ ತಿರುಗಿ ಬರುತ್ತದೆ. ಆ ವರ್ಷ ಮಗಳಿಗೆ ಇದ್ಯಾವುದರ ಕಡೆಗೂ ಗಮನವಿರಲಿಲ್ಲ. ಹನ್ನೊಂದನೆಯ ತರಗತಿಯ ರಸಾಯನಶಾಸ್ತ್ರದಲ್ಲಿ ಫೇಲಾಗಿದ್ದಳು. ಹಬ್ಬ ಮುಗಿದ ಮೇಲೆ ಮರುಪರೀಕ್ಷೆ. ಔಷಧ ತಯಾರಿಸುವುದನ್ನು ಕಲಿಯುವ ಆಸೆ ಅವಳಿಗೆ. ಆದರೆ ಇದೂ ಕೆಟ್ಟರೆ ಸೈನ್ಸ್ ಬಿಟ್ಟು ಕಾಮರ್ಸಿಗೆ ಹೋಗುತ್ತೇನೆಂದು ತಾನೇ ತೀರ್ಮಾನಿಸಿದ್ದಳು.

ನಾನು ಚಕ್ಕುಲಿ ಒತ್ತುತ್ತಿದ್ದೆ. ಅವಳು ಅಡುಗೆಮನೆಯ ಬಾಗಿಲಲ್ಲಿ ಪುಸ್ತಕ ಹಿಡಿದು ಕೂತಿದ್ದಳು. ಎಲೆಗೆ ಸುಣ್ಣ ಹಚ್ಚುತ್ತಿದ್ದ ನಮ್ಮ ಅತ್ತೆ, ಪರಮಾಣುವನ್ನು ಯಾವ ತಕ್ಕಡಿಯಲ್ಲಿ ತೂಗುತ್ತಾರೆಂದು ಮೊಮ್ಮಗಳನ್ನು ಕೇಳಿದರು. ಒಂದಕ್ಕೊಂದು ಹೋಲಿಸುತ್ತಾರೆ ಅಷ್ಟೇ ಎಂದಳು. ಹೈಡ್ರೋಜನ್ ಹೆಚ್ಚುಕಡಿಮೆ ಒಂದು ಅಂದರೆ ಆಕ್ಸಿಜನ್ ಹದಿನಾರು, ಕ್ಯಾಲ್ಸಿಯಂ ನಲವತ್ತು. ಆಗ ಅವಳೆದುರಿಗಿದ್ದದ್ದು ಅಜ್ಜಿಯ ಬೆರಳಿಗಂಟಿದ ಆ ಸುಣ್ಣದ ಲೆಕ್ಕವೇ. ಒಂದು ಕ್ಯಾಲ್ಸಿಯಂ, ಆಮೇಲೆ ಕಂಸದೊಳಗೆ ಆಕ್ಸಿಜನ್, ಹೈಡ್ರೋಜನ್, ಕಂಸದ ಹೊರಗೆ ಕೆಳಗೊಂದು ಪುಟ್ಟ ಎರಡು. ಎಷ್ಟು ಸಲ ಕೂಡಿಸಿದರೂ ಐವತ್ತೆಂಟು. ಪುಸ್ತಕದಲ್ಲಿ ಎಪ್ಪತ್ತನಾಲ್ಕು.

ಅತ್ತೆ ಪುಸ್ತಕ ಮುಚ್ಚಿಸಿ ಅವಳನ್ನು ಕೆಲಸಕ್ಕೆ ಹಚ್ಚಿದರು. ಮೇಲಿನ ಮಹಡಿಯ ಅಣ್ಣತಮ್ಮಂದಿರದು ಅಡುಗೆ ಬೇರೆಯಾದರೂ ಬಾಗಿಲು ಒಂದೇ. ಅವರಿಗೆ ಚಿವಡಾ, ಅಂದರೆ ಹುರಿದ ಅವಲಕ್ಕಿಯ ಡಬ್ಬಿ, ಇಬ್ಬರಿಗೂ ಸೇರಿ ಒಂದು ಸಾಕು. ಉಂಡೆ, ಚಕ್ಕುಲಿಯ ತಾಟು ಮಾತ್ರ ಎರಡು. ಅವಳ ತಲೆ ಲೆಕ್ಕದಲ್ಲೇ ಇತ್ತೇನೋ, ಒಂದು ತಾಟಿನಲ್ಲಿ ಎರಡೂ ಇಟ್ಟು, ಇನ್ನೊಂದರಲ್ಲಿ ಬರೀ ಚಕ್ಕುಲಿ ಇಟ್ಟಳು. ಅತ್ತೆ ಬಟ್ಟೆ ಎತ್ತಿ ನೋಡಿದರು.

"ತಮ್ಮನ ಹೇಣ್ತಿ ಏನ್ ತಪ್ಪ ಮಾಡ್ಯಾಳವಾ? ತಾಟ ಎರಡಂದ್ರ ಉಂಡೀನೂ ಎರಡ ಅಲ್ಲೇನ?"

ಮಗಳು ಆ ತಾಟಿಗೂ ಉಂಡೆ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು. "ಮಮ್ಮಿ, ನಾ ಬರೇ ಹೈಡ್ರೋಜನ್ ಎರಡ ಮಾಡೀನಿ. ಆಕ್ಸಿಜನ್ ಬಿಟ್ಟಬಿಟ್ಟೀನಿ."

ಹೊರಗಿನ ಎರಡು ಕಂಸದೊಳಗಿನ ಇಬ್ಬರಿಗೂ ಸೇರಿದ್ದು; ಕಂಸದಾಚೆಯ ಕ್ಯಾಲ್ಸಿಯಂ ಮಾತ್ರ ಚಿವಡಾ ಡಬ್ಬಿಯ ಹಾಗೆ ಒಂದೇ. ಹದಿನಾರು ಒಂದು ಹದಿನೇಳು, ಅದರ ಎರಡರಷ್ಟು ಮೂವತ್ತನಾಲ್ಕು, ನಲವತ್ತು ಸೇರಿದರೆ ಎಪ್ಪತ್ತನಾಲ್ಕು. ಜಿಡ್ಡುಗೈಯಲ್ಲೇ ಪುಸ್ತಕದ ಅಂಚಿಗೆ ಬರೆದಳು. ಆ ತುಪ್ಪದ ಕಲೆ ಇನ್ನೂ ಇದೆ. ಹಳೆಯ ಉತ್ತರಪತ್ರಿಕೆ ತೆಗೆದು ನೋಡಿದರೆ, ಕಂಸ ಇದ್ದಲ್ಲೆಲ್ಲ ಅದೇ ತಪ್ಪು.

ಮರುಪರೀಕ್ಷೆಯಲ್ಲಿ ಪಾಸಾದಳು; ಬಹಳ ಅಂಕಗಳೇನಲ್ಲ, ಆದರೆ ಕಾಮರ್ಸಿನ ಮಾತು ಅಲ್ಲಿಗೆ ನಿಂತಿತು. ಉತ್ತರಪತ್ರಿಕೆ ಹಿಡಿದು ಬಂದ ದಿನ ಅತ್ತೆ ಎಲೆ ಮಡಚುತ್ತಲೇ ಕೇಳಿದರು, "ಉಂಡಿ ಎಲ್ಲಾರಿಗೂ ಮುಟ್ಟಿದ್ವೇನ?"

"ಮುಟ್ಟಿದ್ವು ಅಜ್ಜಿ. ಒಂದ ಕಡೆ ಅಷ್ಟ, ಚಿವಡಾನೂ ಎರಡ ಮಾಡಿ ಬಂದೀನಿ."