ಬಾವಿ ಹಗ್ಗದ ಜೋಕಾಲಿ

ಅರ್ಧ ಹಗ್ಗ ಇನ್ನೂ ಕೈಯಲ್ಲೇ ಇತ್ತು, ಅಷ್ಟರಲ್ಲೇ ಕೊಡ ನೀರು ಮುಟ್ಟಿತು! ಹಿಂದಿನ ದಿನ ನಮ್ಮ ಮಂಠಾಳದಲ್ಲಿ ನೆಲ ಗುಡುಗುಡು ಎಂದು ನಡುಗಿತ್ತು. ಬೆಳಗಾಗುವುದರಲ್ಲಿ, ಮಳೆಯ ಹನಿಯೂ ಬೀಳದೆ, ಬಾವಿಯ ನೀರು ಮೇಲೇರಿತ್ತು.

“ಅತ್ತಿ, ನೀರು ಮ್ಯಾಲ ಬಂದಾವ, ಬರ್ರಿ!” ಎಂದು ಕೂಗಿದೆ.

ಭೂಕಂಪಕ್ಕೆ ಹೆದರಿ ಊಟ ಬಿಟ್ಟಿದ್ದ ಎಪ್ಪತ್ತರ ಅತ್ತೆ ಬಗ್ಗಿ ನೋಡಿದರು. ಕುಡಗೋಲು ತಂದು, ಹೆಚ್ಚಾದ ಹಗ್ಗ ಕೊಯ್ದು, ಬೇವಿನ ಮರಕ್ಕೆ ಕಟ್ಟಿಸಿ ಕುಳಿತೇಬಿಟ್ಟರು. ನಾಗರಪಂಚಮಿಯ ಜೋಕಾಲಿಗೆ ಇನ್ನೂ ವಾರವಿತ್ತು.

“ಭೂಮಿತಾಯೇ ಜೋಕಾಲಿ ಆಡ್ಯಾಳ, ನಾ ಯಾಕ ಆಡಬಾರ್ದು? ತೂಗು!”

ಪಂಚಮಿ ಮುಗಿದ ಮೇಲೆ ನೀರು ಮೊದಲಿನ ಮಟ್ಟಕ್ಕೇ ಇಳಿಯಿತು. ಜೋಕಾಲಿ ಬಿಚ್ಚಿ, ಹಗ್ಗಕ್ಕೆ ಗಂಟು ಹಾಕಿ ಕೂಡಿಸಿದೆವು. ಆ ಗಂಟು ರಾಟೆಯಲ್ಲಿ ಸಿಕ್ಕಿಕೊಂಡಾಗಲೆಲ್ಲ ಮನೆಯೊಳಗಿನಿಂದ ಅತ್ತೆಯ ನಗು ಕೇಳುತ್ತದೆ.