ಐದು ಯಂತ್ರಗಳೊಡನೆ ಹಲಗೂರಿನ ಆಚೆಗೆ

ಮನುಷ್ಯ ಸಂಘಜೀವಿ, ಈಗ ಅವನ ಯಂತ್ರಗಳೂ ಸಂಘಜೀವಿಗಳಾಗಿವೆ. ಮಂಡ್ಯದಿಂದ ಹೊರಟ ಬೆಳಗಿನ ಏಳರ ಬಸ್ಸಿನಲ್ಲಿ ಮಾತ್ರ ಎರಡು ಜಾತಿಗೂ ಸೀಟು ಸಿಗಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿ ಸವಿತಾ ಈಗ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಅಧ್ಯಾಪಕಿ. ನೀರೊಳಗೆ ಒಂದಕ್ಕೊಂದು ಸದ್ದು ಕೊಟ್ಟುಕೊಂಡು, ಸಾಲು ತಪ್ಪದೆ ಕೆರೆಯ ತಳ ಅಳೆಯುವ ಐದು ರೋಬೋಟುಗಳನ್ನು ಮೂರು ವರ್ಷ ಕೂತು ಮಾಡಿದ್ದಳು. ಕಾಲೇಜಿನವರ ಷರತ್ತು ಒಂದೇ: ಐದೂ ತಾವಾಗಿಯೇ ದಡಕ್ಕೆ ಮರಳಬೇಕು, ಇಲ್ಲವಾದರೆ ಕೆಲಸ ಬಂದ್. ಹೊರಗಿನ ಸಾಕ್ಷಿಯಾಗಿ ಸಹಿ ಹಾಕಲು ನಿವೃತ್ತ ಭೌತಶಾಸ್ತ್ರ ಮೇಷ್ಟರಾದ ನಾನು ಜೊತೆಗಿದ್ದೆ.

ಸವಿತಾಳಿಗೆ ಟಿಕೆಟ್ಟು ಉಚಿತ. ರೋಬೋಟುಗಳ ಪೆಟ್ಟಿಗೆಗೆ ಲಗೇಜು ಚೀಟಿ.

"ಏನವ್ವಾ ಇದ್ರೊಳ್ಗೆ, ಕೋಳಿನಾ?" ಎಂದ ಕಂಡಕ್ಟರ್.

"ರೋಬೋಟು."

"ಗಲೀಜು ಮಾಡಾಕಿಲ್ಲ ತಾನೆ?"

ಮದ್ದೂರಿನಲ್ಲಿ ಬಸ್ಸು ಬದಲಿಸಿದೆವು. ಭಾರತೀನಗರದಲ್ಲಿ ಕಬ್ಬಿನ ಗಾಡಿಗಳ ಹಿಂದೆ ಅರ್ಧ ಗಂಟೆ ಹೋಯಿತು. ಮಳವಳ್ಳಿಯಲ್ಲಿ ಇಡ್ಲಿ, ಸವಿತಾ ಮುಟ್ಟಲಿಲ್ಲ. ಹಲಗೂರಿನಿಂದ ಆಟೋ ಹಿಡಿದು ಕೆರೆ ಮುಟ್ಟಿದಾಗ ಹನ್ನೊಂದೂವರೆ, ಬಿಸಿಲು ಚುರುಗುಟ್ಟುತ್ತಿತ್ತು.

ಐದೂ ಮುಳುಗಿದವು. ಬ್ಯಾಟರಿಯ ಆಯುಷ್ಯ ನಲವತ್ತು ನಿಮಿಷ. ಸವಿತಾಳ ಲ್ಯಾಪ್‌ಟಾಪಿನ ಪರದೆಯ ಮೇಲೆ ಐದು ಚುಕ್ಕೆಗಳು ಶಿಸ್ತಾಗಿ ಸಾಲು ಹಿಡಿದವು. ಹತ್ತನೇ ನಿಮಿಷಕ್ಕೆ ಜೊಂಡಿನ ಮರೆಯಿಂದ ಧಡ್ ಧಡ್ ಸದ್ದು. ಕೆರೆಯಲ್ಲಿ ಮೀನು ಹಿಡಿಯುವ ನಿಂಗಯ್ಯ ತೆಪ್ಪದಲ್ಲಿ ನಿಂತು, ಮೀನನ್ನು ಬಲೆಯತ್ತ ಅಟ್ಟಲು ಬಿದಿರಿನ ಗಳದಿಂದ ನೀರು ಬಡಿಯುತ್ತಿದ್ದ. ಆ ಗದ್ದಲದಲ್ಲಿ ಯಂತ್ರಗಳಿಗೆ ಪಕ್ಕದವರ ಸದ್ದು ಕೇಳಿಸದಾಯಿತು. ಚುಕ್ಕೆಗಳು ದಿಕ್ಕಿಗೊಂದಾಗಿ ಚೆದುರಿದವು. ಪಂಚಾಯಿತಿಯ ಅನುಮತಿ ಪತ್ರ ಮೊಹರು ಸಮೇತ ನಮ್ಮಲ್ಲಿತ್ತು. ತೆಪ್ಪದವನಿಗೆ ಒಂದು ಮಾತು ಹೇಳಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ.

"ಯಜಮಾನ್ರೇ, ಬಡೀಬೇಡಿ!" ಸವಿತಾ ಕೂಗಿದಳು.

"ಬಡೀದೆ ಇದ್ರೆ ಮೀನು ತಾವಾಗೇ ಬಂದು ಬಲೆಗೆ ಬೀಳ್ತವಾ?"

"ನನ್ನ ಐದು ಯಂತ್ರ ನೀರೊಳಗಿವೆ! ತಾವಾಗಿ ದಡಕ್ಕೆ ಬರದಿದ್ರೆ ನನ್ನ ಕೆಲಸ ನಿಂತುಹೋಗುತ್ತೆ!"

"ಮೊದ್ಲೇ ಯೋಳ್ಬಾರ್ದಾ? ತಗೋ, ನಿಲ್ಲಿಸ್ಬುಟ್ಟೆ ಕಣವ್ವ."

ಕೆರೆ ಸದ್ದಡಗಿತು. ಮೂವತ್ತನೇ ನಿಮಿಷಕ್ಕೆ ಮೂರು ಬಂದವು. ಮೂವತ್ತೆಂಟಕ್ಕೆ ನಾಲ್ಕನೆಯದು. ಸವಿತಾ ಮಂಡಿಮಟ್ಟದ ನೀರಿನಲ್ಲಿ ನಿಂತಿದ್ದಳು. ನಾನು ಭೌತಶಾಸ್ತ್ರವನ್ನು ಬದಿಗಿಟ್ಟು ಮುತ್ತತ್ತಿಯ ಆಂಜನೇಯನನ್ನು ನೆನೆದೆ. ನಲವತ್ತಾಯಿತು. ಪರದೆಯ ಕೊನೆಯ ಚುಕ್ಕೆ ಆರಿತು.

ನಿಂಗಯ್ಯ ಬಲೆ ಎಳೆದ. ಜಿಲೇಬಿ ಮೀನುಗಳ ನಡುವೆ ಐದನೆಯದು ಸಿಕ್ಕಿಕೊಂಡಿತ್ತು.

"ಸಿಕ್ತಲ್ಲ! ಐದೂ ಬಂದ್ವು ಅಂತ ಬರ್ಕೊಳಿ ಮೇಷ್ಟ್ರೇ. ನಾನಂತೂ ಯಾರ್ಗೂ ಯೋಳಾಕಿಲ್ಲ."

ನನ್ನ ಪೆನ್ನು ಕಾಗದದ ಮೇಲೆಯೇ ನಿಂತಿತ್ತು. ಸವಿತಾ ಯಂತ್ರದ ರೆಕ್ಕೆಗೆ ಸುತ್ತಿದ್ದ ದಾರ ಬಿಡಿಸುತ್ತ, ತಲೆ ಎತ್ತದೆ, "ನಾಲ್ಕು ಅಂತಲೇ ಬರೀರಿ ಸಾರ್" ಎಂದಳು.

ಸಂಜೆ ಆರಕ್ಕೆ ಮಂಡ್ಯಕ್ಕೆ ಮರಳಿದೆವು. ವರದಿಯಲ್ಲಿ ನಾಲ್ಕು ಎಂದೇ ಬರೆದಿತ್ತು. ಮರುವಾರ ಕಾಲೇಜಿನವರು ಕೆಲಸ ನಿಲ್ಲಿಸಿದರು.